ಹಳೆ ಸ್ವಿಫ್ಟ್ ಕೊಟ್ಟು ಹೊಸ ಸ್ವಿಫ್ಟ್: ನಾಲ್ಕೂವರೆ ಲಕ್ಷಕ್ಕೆ ಸಿಗೋದೇನು?

[ದೃಶ್ಯ: ಕಲಬುರಗಿ ರಿಂಗ್ ರೋಡ್ ಪಕ್ಕ ಬೇವಿನ ಮರದ ನೆರಳಲ್ಲಿ ನಿಂತ ಬಿಳಿ ಸ್ವಿಫ್ಟ್. ನಿರೂಪಕ ಬಾನೆಟ್‌ಗೆ ಒರಗಿದ್ದಾನೆ.]

ನಮಸ್ಕಾರ. ತೊಗರಿ ರಾಶಿ ಮುಗಿದು, ಗಂಜ್‌ನಲ್ಲಿ ಮಾರಿದ ದುಡ್ಡು ಕೈಗೆ ಬಂತು ಅಂದರೆ ನಮ್ಮ ಕಡೆ ಮೂರು ಮಾತು ಶುರುವಾಗುತ್ತವೆ. ಮಗಳ ಮದುವೆ, ಹೊಸ ಬೋರ್‌ವೆಲ್, ಹೊಸ ಗಾಡಿ. ಮೊದಲಿನ ಎರಡರಲ್ಲಿ ನಾನು ಬಾಯಿ ಹಾಕುವುದಿಲ್ಲ. ಮೂರನೆಯದರ ಬಗ್ಗೆ ಮಾತಾಡೋಣ.

ಇದು ನಮ್ಮ ಮನೆಯ ಕಾರು. 2018ರ ಸ್ವಿಫ್ಟ್, ಪೆಟ್ರೋಲ್, ಕೆಎ 32 ನಂಬರ್. 78 ಸಾವಿರ ಕಿಲೋಮೀಟರ್ ಓಡಿದೆ. 2024ರ ಮೇ ತಿಂಗಳಲ್ಲಿ ಇದರ ಮುಂದಿನ ತಲೆಮಾರಿನ ಕಾರು ಬಂತು. ಅವತ್ತಿನಿಂದ ಮನೆಯಲ್ಲಿ ಒಂದೇ ಪ್ರಶ್ನೆ. ಇದನ್ನು ಕೊಟ್ಟು ಅದನ್ನು ತರೋಣವಾ?

ನಾನು ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಟೆಸ್ಟ್ ಡ್ರೈವ್ ಮಾಡಿದೆ, ಮಿಸ್ತ್ರಿಗೆ ತೋರಿಸಿದೆ, ಕಾಗದದ ಮೇಲೆ ಲೆಕ್ಕ ಹಾಕಿದೆ. ಆ ಕಾಗದವನ್ನೇ ಇವತ್ತು ನಿಮಗೆ ತೋರಿಸುತ್ತೇನೆ. ನಿಮ್ಮದು ವ್ಯಾಗನ್‌ಆರ್ ಇರಲಿ, ಆಲ್ಟೊ ಇರಲಿ, ಐ10 ಇರಲಿ, ಲೆಕ್ಕದ ದಾರಿ ಅದೇ.

[ತೆರೆಯ ಮೇಲೆ: 2018 ಮತ್ತು 2024, ಎರಡೂ ಕಾರು ಅಕ್ಕಪಕ್ಕ]

ಮೊದಲು, ಯಾವುದು ಬದಲಾಗಿಲ್ಲ ಅಂತ ನೋಡಿ. ಷೋರೂಂನಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ವೀಲ್‌ಬೇಸ್, ಅಂದರೆ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ, 2450 ಮಿಲಿಮೀಟರ್. ಆಗಲೂ ಅಷ್ಟೇ, ಈಗಲೂ ಅಷ್ಟೇ. ಒಳಗಿನ ಜಾಗಕ್ಕೆ ಮುಖ್ಯವಾಗಿ ಇದೇ ಅಳತೆ. ಗಾಣಗಾಪುರಕ್ಕೆ ಐದು ಜನ ಒತ್ತಿಕೊಂಡು ಹೋಗುತ್ತಿದ್ದರೆ, ಹೊಸದರಲ್ಲೂ ಒತ್ತಿಕೊಂಡೇ ಹೋಗಬೇಕು. ಗ್ರೌಂಡ್ ಕ್ಲಿಯರೆನ್ಸ್ 163 ಮಿಲಿಮೀಟರ್. ಅದೂ ಅಷ್ಟೇ. ಕಪ್ಪು ಮಣ್ಣಿನ ಮೇಲೆ ಹಾಕಿದ ನಮ್ಮ ರಸ್ತೆಗಳು ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲಿ ಉಬ್ಬುತ್ತವೆ, ಎಲ್ಲಿ ಕುಸಿಯುತ್ತವೆ ಅಂತ ನಿಮಗೇ ಗೊತ್ತು. ಹಳೆ ಕಾರಿನ ಹೊಟ್ಟೆ ಉಜ್ಜುವ ಕಡೆ ಹೊಸದರ ಹೊಟ್ಟೆಯೂ ಉಜ್ಜುತ್ತದೆ. ಡಿಕ್ಕಿ 268 ಲೀಟರ್ ಇದ್ದದ್ದು 265 ಆಗಿದೆ.

ಎಂಜಿನ್ ಮಾತ್ರ ಬೇರೆ. ಹಳೆಯದರಲ್ಲಿ ನಾಲ್ಕು ಸಿಲಿಂಡರ್, ಹೊಸದರಲ್ಲಿ ಮೂರು. ಎರಡೂ 1197 ಸಿಸಿ. ಶಕ್ತಿ 83 ಪಿಎಸ್ ಇದ್ದದ್ದು ಈಗ 82ರ ಹತ್ತಿರ. ಅಂದರೆ ಹೊಸದು ತಂದರೆ ಕಮಲಾಪುರದ ಏರಿನಲ್ಲಿ ಹಾರಿಕೊಂಡು ಹೋಗುತ್ತೀರಿ ಅನ್ನುವ ಆಸೆ ಇಟ್ಟುಕೊಳ್ಳಬೇಡಿ. ಸಿಗ್ನಲ್‌ನಲ್ಲಿ ನಿಂತಾಗ ಸಣ್ಣದೊಂದು ನಡುಕ ನನಗೆ ಗೊತ್ತಾಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿಗೆ ಗೊತ್ತಾಗಲಿಲ್ಲ. ನಾಲ್ಕು ಸಿಲಿಂಡರ್ ರೂಢಿ ಆದವರಿಗೆ ಮಾತ್ರ ಇದು ತಟ್ಟುತ್ತದೆ ಅನಿಸುತ್ತದೆ.

[ದೃಶ್ಯ: ಪೆಟ್ರೋಲ್ ಬಂಕ್. ಮೀಟರ್ ತಿರುಗುತ್ತಿದೆ.]

ಈಗ ಎಲ್ಲರೂ ಹೇಳುವ ಕಾರಣಕ್ಕೆ ಬರೋಣ. ಮೈಲೇಜ್.

ಕಂಪನಿ ಲೆಕ್ಕದಲ್ಲಿ ಹಳೆಯದು ಲೀಟರ್‌ಗೆ 22 ಕಿಲೋಮೀಟರ್. ಹೊಸದು, ಮ್ಯಾನುಯಲ್ ಗೇರ್, 24.80. ನಮ್ಮ ಕೈಯಲ್ಲಿ ಅಷ್ಟು ಯಾವಾಗ ಬಂದಿದೆ ಹೇಳಿ? ಎಸಿ ಹಾಕಿಕೊಂಡು, ಸೂಪರ್ ಮಾರ್ಕೆಟ್ ಟ್ರಾಫಿಕ್‌ನಲ್ಲಿ ತಿರುಗಿ, ನನ್ನದು ಈಗ 16 ಕೊಡುತ್ತಿದೆ. ಮೊದಲು 17 ಕೊಡುತ್ತಿತ್ತು. 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲ್ ಬಂದ ಮೇಲೆ ಸ್ವಲ್ಪ ಇಳಿಯಿತು. ಇದು ಬರೀ ನನ್ನ ಅನುಮಾನ ಅಲ್ಲ. ಆ ಪೆಟ್ರೋಲ್‌ಗೆ ತಯಾರಾಗದ ಹಳೆ ಕಾರುಗಳಲ್ಲಿ ಮೈಲೇಜ್ 6ರಿಂದ 7 ಪರ್ಸೆಂಟ್ ಇಳಿಯಬಹುದು ಅಂತ 2021ರಲ್ಲೇ ನೀತಿ ಆಯೋಗದ ವರದಿ ಹೇಳಿತ್ತು. 2023ರ ಏಪ್ರಿಲ್ ನಂತರದ ಕಾರುಗಳು ಆ ಪೆಟ್ರೋಲ್‌ಗೆ ಒಗ್ಗುವಂತೆ ಬರುತ್ತಿವೆ.

ಸರಿ, ಹಳೆಯದಕ್ಕೆ 16, ಹೊಸದಕ್ಕೆ ಉದಾರವಾಗಿ 19 ಕೊಡೋಣ. ನಾವು ವರ್ಷಕ್ಕೆ 12 ಸಾವಿರ ಕಿಲೋಮೀಟರ್ ಓಡಿಸುತ್ತೇವೆ. ಹಳೆಯದಕ್ಕೆ 750 ಲೀಟರ್. ಹೊಸದಕ್ಕೆ 632. ಉಳಿಯೋದು 118 ಲೀಟರ್. ಲೀಟರ್‌ಗೆ ನೂರು ರೂಪಾಯಿ ಹಿಡಿಯಿರಿ, ಲೆಕ್ಕಕ್ಕೆ ಸುಲಭ. ವರ್ಷಕ್ಕೆ 11,800 ರೂಪಾಯಿ.

ಅದಕ್ಕೆ ನಾನು ಕೈಯಿಂದ ಹಾಕಬೇಕಾದದ್ದು ಎಷ್ಟು ಗೊತ್ತಾ?

[ತೆರೆಯ ಮೇಲೆ: ಕೈಬರಹದ ಲೆಕ್ಕದ ಹಾಳೆ]

ಷೋರೂಂ ಬೆಲೆ 7 ಲಕ್ಷ ಅಂತ ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಲೈಫ್ ಟೈಮ್ ಟ್ಯಾಕ್ಸ್ 14 ಪರ್ಸೆಂಟ್. ಅದು 98 ಸಾವಿರ. ಆ ಟ್ಯಾಕ್ಸ್ ಮೇಲೆ 11 ಪರ್ಸೆಂಟ್ ಸೆಸ್. ಒಟ್ಟು 1,08,780. ಇನ್ಶೂರೆನ್ಸ್, ಫಾಸ್ಟ್‌ಟ್ಯಾಗ್, ಚಿಲ್ಲರೆ ಖರ್ಚು ಸೇರಿ 8.5 ಲಕ್ಷ. ನನ್ನ ಹಳೆ ಕಾರಿಗೆ 4 ಲಕ್ಷ ಬಂತು ಅಂದರೂ ಅಂತರ ನಾಲ್ಕೂವರೆ ಲಕ್ಷ.

ನಾಲ್ಕೂವರೆ ಲಕ್ಷವನ್ನು 11,800ರಿಂದ ಭಾಗಿಸಿ. 38 ವರ್ಷ. ಮೈಲೇಜ್‌ನಿಂದ ದುಡ್ಡು ವಾಪಸ್ ಬರಲು 38 ವರ್ಷ ಬೇಕು. ಅಷ್ಟೊತ್ತಿಗೆ ನನ್ನ ಮೊಮ್ಮಕ್ಕಳು ಲೈಸೆನ್ಸ್ ಮಾಡಿಸಿರುತ್ತಾರೆ.

ಇನ್ನು ಸಾಲ ಮಾಡಿದರೆ? ಆ ನಾಲ್ಕೂವರೆ ಲಕ್ಷವನ್ನು 9 ಪರ್ಸೆಂಟ್ ಬಡ್ಡಿಗೆ 5 ವರ್ಷಕ್ಕೆ ತಗೊಂಡರೆ ತಿಂಗಳ ಕಂತು ಸುಮಾರು 9,340. ಬಡ್ಡಿಯೇ 1 ಲಕ್ಷ 10 ಸಾವಿರ ದಾಟುತ್ತದೆ.

"ಜಿಎಸ್‌ಟಿ ಇಳಿದಿದೆಯಲ್ಲ, ಈಗಲೇ ತಗೋಬೇಕು" ಅಂತ ನನ್ನ ಗೆಳೆಯ ಹೇಳಿದ. ಹೌದು, ಇಳಿದಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿಗೆ 18 ಪರ್ಸೆಂಟ್. ಮೊದಲು 28, ಜೊತೆಗೆ 1 ಪರ್ಸೆಂಟ್ ಸೆಸ್. ಈಗ 7 ಲಕ್ಷ ಇರುವ ಕಾರು ಹಳೆ ತೆರಿಗೆಯಲ್ಲಿ 7 ಲಕ್ಷ 65 ಸಾವಿರ ಆಗುತ್ತಿತ್ತು. ಒಳ್ಳೆಯದೇ. ಆದರೆ ಹೊಸ ಕಾರಿನ ಬೆಲೆ ಇಳಿದಾಗ ಹಳೆ ಕಾರು ಕೇಳುವವನೂ ಇಳಿಸಿಯೇ ಕೇಳುತ್ತಾನೆ. ಒಂದು ಕೈಲಿ ಬಂದದ್ದರಲ್ಲಿ ಸ್ವಲ್ಪ ಇನ್ನೊಂದು ಕೈಲಿ ಹೋಯಿತು. ಮೊದಲ ಬಾರಿ ಕಾರು ಕೊಳ್ಳುವವರಿಗೆ ಸಿಕ್ಕಷ್ಟು ಲಾಭ ನಮಗೆ ಸಿಗುವುದಿಲ್ಲ.

[ದೃಶ್ಯ: ಗ್ಯಾರೇಜ್. ಕಾರು ಲಿಫ್ಟ್ ಮೇಲಿದೆ.]

ಹಳೆ ಕಾರು ಮಾರುವ ಕಥೆ ಬಂತು. ನಾನು ಒಂದು ಷೋರೂಂಗೆ ಹೋದೆ, ಹೆಸರು ಬೇಡ. ಹುಡುಗ ಕಾರಿನ ಸುತ್ತ ಒಂದು ರೌಂಡ್ ಹಾಕಿದ, ಬಂಪರ್ ಮೇಲಿನ ಗೀರು ಫೋಟೋ ತೆಗೆದ, "3 ಲಕ್ಷ 40 ಸಾವಿರ, ಮೇಲೆ 25 ಸಾವಿರ ಎಕ್ಸ್‌ಚೇಂಜ್ ಬೋನಸ್ ಸರ್" ಅಂದ. ಬೋನಸ್ ಅನ್ನುವಾಗ ದನಿ ಸ್ವಲ್ಪ ಜೋರಾಯಿತು. ಅದೇ ವಾರ ನಮ್ಮ ಮಿಸ್ತ್ರಿಯ ಪರಿಚಯದವರೊಬ್ಬರು ಬಂದು 4 ಲಕ್ಷ ಕೊಡುತ್ತೇನೆ ಅಂದರು. ಬೋನಸ್ ಸೇರಿಸಿದರೂ 35 ಸಾವಿರ ಕಡಿಮೆ. ನನ್ನ ಜೇಬಿನಿಂದ ತೆಗೆದು ನನಗೇ ಬೋನಸ್ ಕೊಟ್ಟ ಹಾಗಾಯಿತು, ಅಲ್ವಾ?

ಆದರೆ ಹೊರಗೆ ಮಾರಿದರೆ ಒಂದು ಮಾತು. ಗಾಡಿ ಇನ್ನೊಬ್ಬರ ಹೆಸರಿಗೆ ಮಾಡಿಸುವ ಫಾರಂ 29, ಫಾರಂ 30 ಸಹಿ ಹಾಕಿ ಕೊಟ್ಟು ಸುಮ್ನೆ ಕೂರಬೇಡಿ. ಹೆಸರು ಬದಲಾಗಿದೆಯಾ ಅಂತ ನೀವೇ ನೋಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವನು ಎಲ್ಲೋ ಗುದ್ದಿದರೆ ನೋಟಿಸ್ ನಿಮ್ಮ ಮನೆಗೆ ಬರುತ್ತದೆ. ಇನ್ನೊಂದು, ನೋ ಕ್ಲೇಮ್ ಬೋನಸ್ ಕಾರಿನದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 50 ಪರ್ಸೆಂಟ್‌ವರೆಗೆ ರಿಯಾಯಿತಿ ಇರುತ್ತದೆ. ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡು ಹೊಸ ಕಾರಿನ ಪಾಲಿಸಿಗೆ ಹಾಕಿಸಿ. ನೀವು ಕೇಳದಿದ್ದರೆ ಯಾರೂ ನೆನಪಿಸುವುದಿಲ್ಲ.

ಹೊಸದೇ ಯಾಕೆ, ಹೈದರಾಬಾದ್‌ನಿಂದಲೋ ಸೊಲ್ಲಾಪುರದಿಂದಲೋ ಎರಡು ವರ್ಷ ಹಳೆಯದು ತಂದರೆ ಅಗ್ಗ ಅಲ್ವಾ ಅಂತ ಕೇಳುವವರು ನಮ್ಮಲ್ಲಿ ಬಹಳ ಜನ. ಅಗ್ಗ ಕಾಣುತ್ತದೆ. ಬೇರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಇಲ್ಲಿನ ನಂಬರ್ ಮಾಡಿಸಬೇಕು, ಇಲ್ಲಿನ ಟ್ಯಾಕ್ಸ್ ಕಟ್ಟಬೇಕು. ಅದನ್ನು ಸೇರಿಸಿ ಲೆಕ್ಕ ಹಾಕಿ, ಆಮೇಲೆ ಹೈದರಾಬಾದ್ ಬಸ್ ಹತ್ತಿ.

[ದೃಶ್ಯ: ಕಾರಿನ ಹಿಂದಿನ ಸೀಟು. ಕ್ಯಾಮೆರಾ ನಿಧಾನವಾಗಿ ಹತ್ತಿರ ಹೋಗುತ್ತದೆ.]

ಇಲ್ಲಿಯವರೆಗೆ ಕೇಳಿದರೆ ಬದಲಿಸಲೇಬೇಡಿ ಅಂತ ಹೇಳುತ್ತಿದ್ದೇನೆ ಅನಿಸಬಹುದು. ಹಾಗಿಲ್ಲ. ಒಂದೇ ಒಂದು ಕಾರಣಕ್ಕೆ ನನ್ನ ಮನಸ್ಸು ಅಲ್ಲಾಡಿತು.

ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಎರಡು, ಎರಡೂ ಮುಂದೆ. ಹೊಸದರಲ್ಲಿ ಆರು. ಟಾಪ್ ಮಾಡೆಲ್‌ನಲ್ಲಿ ಮಾತ್ರ ಅಲ್ಲ, ಎಲ್ಲದರಲ್ಲೂ. ಕಾರು ಜಾರಿದಾಗ ಒಂದೊಂದೇ ಗಾಲಿಗೆ ಬ್ರೇಕ್ ಹಾಕಿ ದಾರಿಗೆ ತರುವ ಇಎಸ್‌ಪಿ ಕೂಡ ಎಲ್ಲದರಲ್ಲೂ ಇದೆ. ಹಿಂದೆ ನಡುವೆ ಕೂರುವವರಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆ. ಕಾರು ಗುದ್ದಿಸಿ ನೋಡಿ ಸುರಕ್ಷತೆಗೆ ಐದರಲ್ಲಿ ಇಷ್ಟು ಸ್ಟಾರ್ ಅಂತ ಕೊಡುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನನ್ನ ಕಾರಿನ ತಲೆಮಾರಿಗೆ 2018ರಲ್ಲಿ ಎರಡು ಸ್ಟಾರ್ ಕೊಟ್ಟಿತ್ತು. 2022ರಲ್ಲಿ ನಿಯಮ ಬಿಗಿ ಮಾಡಿ ಮತ್ತೆ ಪರೀಕ್ಷೆ ಮಾಡಿದಾಗ ಒಂದೇ ಸ್ಟಾರ್. ಅದೇ ಕಂಪನಿಯ, ಸ್ವಿಫ್ಟ್‌ಗೆ ಹಿಂದೆ ಡಿಕ್ಕಿ ಬೆಳೆಸಿದಂಥ ಹೊಸ ಡಿಜೈರ್‌ಗೆ ಐದು ಸ್ಟಾರ್ ಬಂದಿದೆ. ಸೇಲ್ಸ್ ಹುಡುಗರು ಆ ಸ್ಟಾರ್‌ಗಳನ್ನು ಸ್ವಿಫ್ಟ್‌ಗೂ ಅಂಟಿಸಿ ಮಾತಾಡುತ್ತಾರೆ. ಅದು ಡಿಜೈರ್‌ನ ಫಲಿತಾಂಶ, ಸ್ವಿಫ್ಟ್‌ನದಲ್ಲ.

ನಮ್ಮ ಅಣ್ಣ ದಿನಾ ಸೇಡಂಗೆ ಹೋಗಿ ಬರುತ್ತಾನೆ. ಸಿಮೆಂಟ್ ಲಾರಿಗಳ ನಡುವೆ ದಿನಕ್ಕೆ ನೂರು ಕಿಲೋಮೀಟರ್. ವರ್ಷಕ್ಕೆ 30 ಸಾವಿರ. ಅವನ ಕಾರಿನಲ್ಲಿ ಏರ್‌ಬ್ಯಾಗೇ ಇಲ್ಲ. ಅವನಿಗೂ ಮೈಲೇಜ್ ಲೆಕ್ಕ ಹಾಕಿಕೊಟ್ಟೆ. ದುಡ್ಡು ವಾಪಸ್ ಬರಲು 15 ವರ್ಷ. ಲೆಕ್ಕದ ಪ್ರಕಾರ ಅವನೂ ಬದಲಿಸಬಾರದು. ಆದರೂ ನಾನೇ ಹಿಂದೆ ಬಿದ್ದು ಬುಕ್ ಮಾಡಿಸಿದೆ. ಎರಡೂವರೆ ಪಟ್ಟು ಜಾಸ್ತಿ ಓಡುವವನಿಗೆ ಅಪಾಯವೂ ಅಷ್ಟೇ ಜಾಸ್ತಿ. ಅದನ್ನು ಲೀಟರ್‌ನಲ್ಲಿ ಅಳೆಯಲು ಆಗಲ್ಲ.

ನನ್ನದು ಬೇರೆ. ಊರೊಳಗೇ ಜಾಸ್ತಿ. ತಿಂಗಳಿಗೊಮ್ಮೆ ಹುಮನಾಬಾದ್ ಮೇಲೆ ಬೀದರ್. ಮಿಸ್ತ್ರಿ ಎಂಜಿನ್ ಸದ್ದು ಕೇಳಿ, ಆಯಿಲ್ ಕಡ್ಡಿ ತೆಗೆದು ನೋಡಿ, "ಗಾಡಿ ಛಲೋ ಅದ ರೀ ಸರ, ಯಾಕ್ ಮಾರ್ತೀರಿ?" ಅಂದ. ಹದಿನೈದು ವರ್ಷ ಆದರೆ ಗಾಡಿ ಗುಜರಿಗೆ ಅಂತ ಕೆಲವರು ಹೆದರಿಸುತ್ತಾರೆ. ಅದು ದೆಹಲಿಯ ಕಥೆ. ನನ್ನ ಆರ್‌ಸಿ 2033ರವರೆಗೆ ಇದೆ, ಆಮೇಲೂ ಫಿಟ್‌ನೆಸ್ ತೋರಿಸಿ ನವೀಕರಿಸಬಹುದು.

ಹಾಗಾಗಿ ಇಟ್ಟುಕೊಂಡೆ. ನಾಲ್ಕು ಟೈರ್, ಬ್ಯಾಟರಿ, ಕ್ಲಚ್ ಪ್ಲೇಟ್ ಸೇರಿ 34 ಸಾವಿರದ ಬಿಲ್ ಆಯಿತು. ಆಮೇಲೆ ಒಂದು ಪೈಸೆ ಖರ್ಚಿಲ್ಲದ ಕೆಲಸ ಮಾಡಿದೆ. ಇಲ್ಲಿ ನೋಡಿ.

[ದೃಶ್ಯ: ಸೀಟ್ ಕವರ್ ಎತ್ತಿ, ಅಡಿಯಲ್ಲಿ ಹೂತಿದ್ದ ಬೆಲ್ಟ್ ಕೊಂಡಿಯನ್ನು ಹೊರಗೆ ಎಳೆಯುವುದು]

ಏಳು ವರ್ಷದಿಂದ ಈ ಕೊಂಡಿ ಸೀಟ್ ಕವರ್ ಕೆಳಗೆ ಮಲಗಿತ್ತು. ಬೆಲ್ಟ್ ಇರುವುದೇ ಮರೆತಿತ್ತು. ಕವರ್‌ಗೆ ಬ್ಲೇಡ್‌ನಿಂದ ಸೀಳು ಹಾಕಿ ಹೊರಗೆ ತೆಗೆದೆ. ಆರು ಏರ್‌ಬ್ಯಾಗ್ ಬೇಕು ಅಂತ ಎರಡು ತಿಂಗಳು ಯೋಚಿಸಿದ ನಾನು, ಇದ್ದ ಬೆಲ್ಟನ್ನೇ ಹೂತಿಟ್ಟಿದ್ದೆ ನೋಡಿ.

ಉಳಿದದ್ದು ಎಸಿ. ಮೇ ತಿಂಗಳಲ್ಲಿ ನಮ್ಮೂರು 42, 43 ಡಿಗ್ರಿ ಮುಟ್ಟುತ್ತದೆ. ಹೊಸದರ ಮೇಲಿನ ವೇರಿಯಂಟ್‌ನಲ್ಲಿ ಹಿಂದಿನ ಸೀಟಿಗೂ ಎಸಿ ಕಿಂಡಿ ಇದೆ, ನನ್ನದರಲ್ಲಿ ಇಲ್ಲ. "ಹಿಂದ ಕುಂತ್ರ ಗಾಳಿನೇ ಬರಲ್ಲಪಾ" ಅಂತ ಅವ್ವ ಪ್ರತಿ ಬೇಸಿಗೆಯಲ್ಲೂ ಹೇಳುತ್ತಾಳೆ. ಕ್ಯಾಬಿನ್ ಫಿಲ್ಟರ್ ತೆಗೆಸಿದರೆ ಧೂಳು ತುಂಬಿ ಕರ್ರಗಾಗಿತ್ತು. ಹೊಸದು ಹಾಕಿಸಿದೆ. ಮುಂದಿನ ಸೀಟಿನ ಬೆನ್ನಿಗೆ ಕಟ್ಟುವ ಸಣ್ಣ ಫ್ಯಾನ್ ಒಂದು ತಂದೆ.

ಮೊನ್ನೆ ಅವ್ವನನ್ನು ಕೂರಿಸಿಕೊಂಡು ಶರಣಬಸಪ್ಪನ ಗುಡಿಗೆ ಹೋದೆ. ಬೆಲ್ಟ್ ಹಾಕಿದೆ, ಫ್ಯಾನ್ ಹಚ್ಚಿದೆ. ಹ್ಯಾಂಗದ ಅವ್ವ ಅಂತ ಕೇಳಿದೆ.

[ದೃಶ್ಯ: ಹಿಂದಿನ ಸೀಟಿನಲ್ಲಿ ಅವ್ವ, ಸೆರಗು ಫ್ಯಾನಿನ ಗಾಳಿಗೆ ಹಾರುತ್ತಿದೆ]

"ಗಾಳಿ ಬರ್ತದ," ಅಂದಳು. "ಅಣ್ಣಂದು ಹೊಸಾ ಗಾಡಿ ಯಾವಾಗ ಬರ್ತದ?"