ಸ್ಕ್ಯಾನ್ ಐದು ನಿಮಿಷ, ರಿಪೋರ್ಟ್ ಯಾಕೆ ಸಂಜೆಗೆ?

ನಮಸ್ಕಾರ. ಮನೆಯಲ್ಲಿ ಯಾರಿಗಾದರೂ ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಈ ಮಾತು ಕೇಳಿರುತ್ತೀರಿ: "ಸ್ಕ್ಯಾನ್ ಆಯ್ತು, ರಿಪೋರ್ಟಿಗೆ ಸಂಜೆ ಬನ್ನಿ." ಮೆಷಿನ್ ಒಳಗೆ ಮಲಗಿದ್ದು ಐದೇ ನಿಮಿಷ. ಹಾಗಾದರೆ ಸಂಜೆಯವರೆಗೆ ಆ ಚಿತ್ರ ಎಲ್ಲಿತ್ತು? ಅದರ ಹಿಂದೆಯೇ ಹೋಗಿ ನೋಡೋಣ.

[ಪರದೆಯಲ್ಲಿ: ಕೆಂಪು ದೀಪದ ಡಾರ್ಕ್‌ರೂಮ್]

ಮೊದಲು ಫಿಲಂ ಕಾಲ. ಎಕ್ಸ್‌ರೇ ತೆಗೆದ ಟೆಕ್ನೀಷಿಯನ್ ಫಿಲಂ ಇರುವ ಕ್ಯಾಸೆಟ್ ಹಿಡಿದು ಡಾರ್ಕ್‌ರೂಮಿಗೆ ಓಡಬೇಕಿತ್ತು. ಡೆವಲಪರ್, ಫಿಕ್ಸರ್, ನೀರು, ಆಮೇಲೆ ಒಣಗಿಸುವುದು. ಆಟೋಮ್ಯಾಟಿಕ್ ಪ್ರೊಸೆಸರ್ ಬಂದ ಮೇಲೆ ಇಷ್ಟೂ ಕೆಲಸ ಸುಮಾರು 90 ಸೆಕೆಂಡಿಗೆ ಇಳಿಯಿತು. ಜಾಸ್ತಿ ಹೊತ್ತು ಹೋಗುತ್ತಿದ್ದದ್ದು ಅದರ ನಂತರ. ಹೋಲಿಸಿ ನೋಡಲು ಹಳೇ ಫಿಲಂ ಬೇಕು. ರೆಕಾರ್ಡ್ ರೂಮಿನಲ್ಲಿ ಕೇಳಿದರೆ ವಾರ್ಡಿಗೆ ಹೋಗಿದೆ. ವಾರ್ಡಿನಲ್ಲಿ ಕೇಳಿದರೆ ಆಪರೇಷನ್ ಥಿಯೇಟರಿನಲ್ಲಿದೆ. ಒಂದು ಫಿಲಂ ಒಂದು ಹೊತ್ತಿಗೆ ಒಂದೇ ಕಡೆ ಇರಲು ಸಾಧ್ಯ, ಅಲ್ವಾ? ಅದು ಸಿಕ್ಕಿ, ಚಿತ್ರ ಓದುವ ವೈದ್ಯರು, ಅಂದರೆ ರೇಡಿಯಾಲಜಿಸ್ಟ್, ನೋಡಿ, ಅವರು ಹೇಳಿದ್ದನ್ನು ಟೈಪಿಸ್ಟ್ ಬರೆದು, ತಿದ್ದಿ, ಸಹಿ ಬೀಳುವಷ್ಟರಲ್ಲಿ ದಿನ ಮುಗಿದಿರುತ್ತಿತ್ತು.

ಈ ಓಡಾಟವನ್ನು ತಪ್ಪಿಸಿದ್ದು ಪ್ಯಾಕ್ಸ್. ಆಸ್ಪತ್ರೆಯ ಎಲ್ಲ ಸ್ಕ್ಯಾನ್ ಚಿತ್ರಗಳನ್ನೂ ಒಂದೇ ಕಡೆ ಇಟ್ಟು, ಬೇಕಾದ ಕಂಪ್ಯೂಟರಿಗೆ ಕಳಿಸುವ ವ್ಯವಸ್ಥೆ ಇದು. ಮೊದಲು ಒಂದು ತೊಡಕಿತ್ತು: ಒಂದು ಕಂಪನಿಯ ಮೆಷಿನ್ ಕೊಟ್ಟ ಚಿತ್ರ ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ. 1983ರಲ್ಲಿ ಅಮೆರಿಕದ ರೇಡಿಯಾಲಜಿಸ್ಟ್‌ಗಳ ಸಂಘ ಮತ್ತು ಮೆಷಿನ್ ತಯಾರಕರ ಸಂಘ ಸೇರಿ ಕುಳಿತವು. ಎಲ್ಲ ಕಂಪನಿಗಳ ಚಿತ್ರಕ್ಕೂ ಒಂದೇ ರೂಪ ಇರಲಿ ಅನ್ನುವ ಮೊದಲ ನಿಯಮ 1985ರಲ್ಲಿ ಬಂತು. ಅದೇ ಬೆಳೆದು 1993ರಲ್ಲಿ ಡೈಕಾಮ್ ಎಂಬ ನಿಯಮ ಆಯಿತು. ಬಾಲ್ಟಿಮೋರಿನಲ್ಲಿ ಮಾಜಿ ಸೈನಿಕರ ಆಸ್ಪತ್ರೆ ಫಿಲಂ ಬಿಟ್ಟು ಕೆಲಸ ಶುರು ಮಾಡಿದ್ದೂ ಅದೇ 1993ರಲ್ಲಿ.

[ಪರದೆಯಲ್ಲಿ: ಮಿದುಳಿನ ಸಿಟಿ ಚಿತ್ರ]

ಇದರ ಬೆಲೆ ಗೊತ್ತಾಗುವುದು ಸ್ಟ್ರೋಕ್ ಆದಾಗ. ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬ ಲೆಕ್ಕವಿದೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಸ್ಟ್ರೋಕ್ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ರಕ್ತಸ್ರಾವ ಆಗಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಕುತ್ತು. ಸಿಟಿ ನೋಡದೆ ಕೊಡುವಂತಿಲ್ಲ. ಈಗ ರೋಗಿ ಇನ್ನೂ ಸ್ಕ್ಯಾನ್ ಟೇಬಲ್ ಮೇಲಿರುವಾಗಲೇ ನ್ಯೂರಾಲಜಿಸ್ಟ್ ಮತ್ತು ರೇಡಿಯಾಲಜಿಸ್ಟ್ ಇಬ್ಬರೂ ತಮ್ಮ ತಮ್ಮ ಜಾಗದಿಂದ ಚಿತ್ರ ನೋಡಬಹುದು. ಓದಬೇಕಾದ ಸ್ಕ್ಯಾನ್‌ಗಳ ಪಟ್ಟಿಯಲ್ಲಿ, ಅಂದರೆ ವರ್ಕ್‌ಲಿಸ್ಟಿನಲ್ಲಿ, ಆ ಹೆಸರು ಮೇಲಕ್ಕೆ ಬರುತ್ತದೆ. ನಿಮ್ಮ ಮಂಡಿಯ ಎಕ್ಸ್‌ರೇ ರಿಪೋರ್ಟ್ ಕೆಲವು ಸಲ ತಡವಾಗುವುದು ಇದಕ್ಕೇ.

ಚಿತ್ರ ಊರನ್ನೂ ದಾಟುತ್ತದೆ. ಬೆಂಗಳೂರಿನ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ 2002ರಲ್ಲಿ ಶುರುವಾಗಿ, ಅಮೆರಿಕದ ಆಸ್ಪತ್ರೆಗಳ ರಾತ್ರಿ ಸ್ಕ್ಯಾನ್‌ಗಳನ್ನು ಇಲ್ಲಿಂದ ಓದಿತು. ನ್ಯೂಯಾರ್ಕಿನಲ್ಲಿ ನಡುರಾತ್ರಿ ಆದಾಗ ನಮಗೆ ಬೆಳಗ್ಗೆ ಒಂಬತ್ತೂವರೆಯೋ ಹತ್ತೂವರೆಯೋ. ರೇಡಿಯಾಲಜಿಸ್ಟ್ ಇಲ್ಲದ ನಮ್ಮ ಸಣ್ಣ ಊರುಗಳಿಗೂ ಈ ದಾರಿ ದೊಡ್ಡ ಆಸರೆ ಎಂದು ನಾನು ಮನಸಾರೆ ನಂಬುತ್ತೇನೆ.

ಹಾಗಿದ್ದೂ ಸಂಜೆ ಯಾಕೆ? ಚಿತ್ರ ಕ್ಷಣದಲ್ಲಿ ಬಂದರೂ ಓದುವುದು ಮನುಷ್ಯರ ಕಣ್ಣು. ಒಂದು ಸಿಟಿ ಸ್ಲೈಸ್, ಅಂದರೆ ದೇಹದ ಒಂದು ತೆಳು ಪದರದ ಚಿತ್ರ, ಸುಮಾರು ಅರ್ಧ ಎಂಬಿ. ಎದೆ, ಹೊಟ್ಟೆ ಎರಡನ್ನೂ ತೆಳುವಾಗಿ ಸ್ಕ್ಯಾನ್ ಮಾಡಿದರೆ ಸ್ಲೈಸ್‌ಗಳು ಸಾವಿರ ದಾಟಬಹುದು. ಅಂದರೆ ಒಬ್ಬರದೇ 500 ಎಂಬಿ. ನೆಟ್‌ವರ್ಕ್ ನಿಧಾನವಾದರೆ ಅದೇ ಒಂದು ತಡ. ಫಿಲಂ ಕಾಲದಲ್ಲಿ ಕೆಲವೇ ಹಾಳೆಗಳನ್ನು ಲೈಟ್‌ಬಾಕ್ಸಿಗೆ ಸಿಕ್ಕಿಸಿ ನೋಡುತ್ತಿದ್ದರು. ಈಗ ಸಾವಿರ ಚಿತ್ರ ಸ್ಕ್ರೋಲ್ ಮಾಡಬೇಕು, ನಡುವೆ ವಾರ್ಡಿನಿಂದ ಫೋನ್ ಬೇರೆ. ಧ್ವನಿಯಿಂದ ಟೈಪ್ ಮಾಡುವ ಸಾಫ್ಟ್‌ವೇರ್ ಟೈಪಿಸ್ಟ್‌ಗೆ ಕಾಯುವುದನ್ನು ತಪ್ಪಿಸಿದೆ. ಆದರೆ ಅದು ತಪ್ಪು ಕೇಳಿಸಿಕೊಂಡ ಪದವನ್ನು ವೈದ್ಯರೇ ತಿದ್ದಬೇಕು. ಈ ಹೊತ್ತನ್ನು ಅವಸರಪಡಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮುಖ್ಯ ವಿಷಯ. ಬೇರೆ ಆಸ್ಪತ್ರೆಯಲ್ಲಿ ತೆಗೆಸಿದ ಹಳೇ ಸ್ಕ್ಯಾನ್ ಸಾಮಾನ್ಯವಾಗಿ ಈ ಆಸ್ಪತ್ರೆಯ ಪ್ಯಾಕ್ಸ್‌ನಲ್ಲಿ ಇರುವುದಿಲ್ಲ. ಆ ಸಿಡಿಯನ್ನು ಮನೆಯ ಬೀರುವಿನಲ್ಲಿ ಬಿಟ್ಟು ಬರಬೇಡಿ. ರಿಪೋರ್ಟ್ ಬಂದ ಮೇಲೆ ಕೊಟ್ಟರೆ ಮತ್ತೆ ಮೊದಲಿನಿಂದ ಹೋಲಿಸಬೇಕು. ಸ್ಕ್ಯಾನಿಗೆ ಹೆಸರು ಬರೆಸುವಾಗಲೇ ಕೌಂಟರಿನಲ್ಲಿ ಕೊಡಿ.