ಹಂಫ್ರೀಸ್‌ನನ್ನು ನೋಡಿ ನಕ್ಕವರು ಯಾರು?

ನಮಸ್ಕಾರ. ಇವತ್ತು ಹಳೇ ಬ್ರಿಟಿಷ್ ಟೀವಿ ಕಾಮಿಡಿಗಳ ಬಗ್ಗೆ ಮಾತಾಡಬೇಕು. ಅದಕ್ಕಿಂತ ಜಾಸ್ತಿ, ಆ ಕಾಮಿಡಿಗಳಲ್ಲಿ ಸಲಿಂಗಿಗಳು ಎಲ್ಲಿದ್ದರು, ಹೇಗಿದ್ದರು ಅಂತ ವರ್ಷಗಟ್ಟಲೆ ಕೂತು ಹುಡುಕುವ ಸಂಶೋಧಕರ ಬಗ್ಗೆ. "ಕಾಮಿಡಿ ನೋಡೋಕೂ ಪಿಎಚ್‌ಡಿ ಬೇಕಾ?" ಅಂತ ಕೇಳುವವರಿದ್ದಾರೆ. ಬೇಕು. ನನಗೆ ಅದರಲ್ಲಿ ಯಾವ ಅನುಮಾನವೂ ಇಲ್ಲ.

1972ಕ್ಕೆ ಹೋಗೋಣ. ಜುಲೈ 1ಕ್ಕೆ ಲಂಡನ್ನಿನ ಬೀದಿಯಲ್ಲಿ ಸಲಿಂಗಿಗಳ ಮೊದಲ ಪ್ರೈಡ್ ಮೆರವಣಿಗೆ ನಡೆಯಿತು. ಎರಡು ತಿಂಗಳ ನಂತರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿನ ಆಟಗಾರರ ಹತ್ಯೆಯಾಯಿತು. ಪ್ರಸಾರವೆಲ್ಲ ಏರುಪೇರಾಗಿ, ಖಾಲಿ ಬಿದ್ದ ಹೊತ್ತು ತುಂಬೋಕೆ ಬಿಬಿಸಿ ಒಂದು ಹೊಸ ಕಾಮಿಡಿಯ ಪ್ರಾಯೋಗಿಕ ಕಂತನ್ನು ಹಾಕಿತು. ಅದೇ 'ಆರ್ ಯು ಬೀಯಿಂಗ್ ಸರ್ವ್ಡ್'. ದೊಡ್ಡ ಬಟ್ಟೆ ಅಂಗಡಿಯ ಒಂದು ಮಹಡಿ, ಒಂದು ಕಡೆ ಗಂಡಸರ ಬಟ್ಟೆ, ಇನ್ನೊಂದು ಕಡೆ ಹೆಂಗಸರದ್ದು. ಗಂಡಸರ ವಿಭಾಗದಲ್ಲಿ ಕತ್ತಿಗೆ ಟೇಪು ನೇತುಹಾಕಿಕೊಂಡು, ಗಿರಾಕಿ ಬಂದ ಕೂಡಲೇ ರಾಗ ಎಳೆದು "ಐಯಾಮ್ ಫ್ರೀ" ಅನ್ನುವ ಮಿಸ್ಟರ್ ಹಂಫ್ರೀಸ್. ಪಾತ್ರ ಮಾಡಿದ್ದು ಜಾನ್ ಇನ್‌ಮ್ಯಾನ್.

ಬರೆದವರಲ್ಲೊಬ್ಬರಾದ ಡೇವಿಡ್ ಕ್ರಾಫ್ಟ್ ಹೇಳಿಕೊಂಡ ಪ್ರಕಾರ, ಈ ಪಾತ್ರ ಬೇಡ ಅಂತ ಬಿಬಿಸಿಯ ಮೇಲಿನವರು ಅಂದಿದ್ದರು. ಅವನು ಹೋದರೆ ನಾನೂ ಹೋಗುತ್ತೇನೆ ಅಂತ ಇವರು ಹಟ ಹಿಡಿದರು. ಆ ಹಟದಿಂದಲೇ ಹಂಫ್ರೀಸ್ 1985ರವರೆಗೆ ಉಳಿದ. 1979ರ ಹೊತ್ತಿಗೆ ಒಂದೊಂದು ಕಂತನ್ನು 2 ಕೋಟಿಗೂ ಹೆಚ್ಚು ಜನ ನೋಡಿದ್ದುಂಟು.

ಹಂಫ್ರೀಸ್ ಗೇ ಅಂತ ಆ ಧಾರಾವಾಹಿ ಎಲ್ಲೂ ಬಾಯಿಬಿಟ್ಟು ಹೇಳಲಿಲ್ಲ. ಅವನು ಅಮ್ಮನ ಮುದ್ದಿನ ಮಗ, ಅಷ್ಟೇ, ಅಂತ ಮಾಡಿದವರು ಹೇಳುತ್ತಾ ಬಂದರು. ನೋಡುವವರಿಗೆಲ್ಲ ಗೊತ್ತಿತ್ತು. ಸಲಿಂಗಿಗಳ ಸಮಾನತೆಗೆ ಹೋರಾಡುತ್ತಿದ್ದ ಸಂಘಟನೆಯವರು ಪ್ರತಿಭಟನೆ ಮಾಡಿದರು, ನಮ್ಮನ್ನು ನಗೆಪಾಟಲು ಮಾಡುತ್ತಿದ್ದೀರಿ ಅಂತ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಹಂಫ್ರೀಸ್‌ನನ್ನು ಇನ್ನೊಂದು ಸಲ ನೋಡಿ. ಅವನು ಯಾರ ಮುಂದೆಯೂ ತಲೆ ತಗ್ಗಿಸುವುದಿಲ್ಲ. ಅಳುವುದಿಲ್ಲ, ಕ್ಷಮೆ ಕೇಳುವುದಿಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಬೇಕಾದವನು. ಊರಲ್ಲಿ ತನ್ನಂಥವರು ಇನ್ಯಾರೂ ಇಲ್ಲ ಅಂದುಕೊಂಡ ಹುಡುಗನೊಬ್ಬ ಅಪ್ಪ ಅಮ್ಮನ ಪಕ್ಕದಲ್ಲಿ ಕೂತು ಇದನ್ನು ನೋಡುವಾಗ, ಅವರು ನಕ್ಕಿದ್ದಕ್ಕೂ ಅವನು ನಕ್ಕಿದ್ದಕ್ಕೂ ಕಾರಣ ಒಂದೇ ಆಗಿರಲಿಕ್ಕೆ ಸಾಧ್ಯವಾ? ಸಂಶೋಧನೆ ಬೇಕಾಗುವುದು ಇಲ್ಲಿ. ಸುಮ್ನೆ ಒಳ್ಳೇದು, ಕೆಟ್ಟದ್ದು ಅಂತ ಮುದ್ರೆ ಒತ್ತಿದರೆ ಆ ಹುಡುಗ ಲೆಕ್ಕಕ್ಕೇ ಸಿಗುವುದಿಲ್ಲ.

ಸಸೆಕ್ಸ್ ವಿಶ್ವವಿದ್ಯಾಲಯದ ಆಂಡಿ ಮೆಡ್‌ಹರ್ಸ್ಟ್ ಇಂಗ್ಲಿಷ್ ಹಾಸ್ಯದ ಬಗ್ಗೆ 2007ರಲ್ಲಿ ಒಂದು ಪೂರ್ತಿ ಪುಸ್ತಕ ಬರೆದರು. ಜೊತೆಯಾಗಿ ನಗುವವರು ನಾವೆಲ್ಲ ಒಂದೇ ಗುಂಪು ಅಂತ ಅಂದುಕೊಳ್ಳುತ್ತಾರೆ ಅನ್ನುವುದು ಅದರ ಮುಖ್ಯ ಎಳೆ. ಹಾಗಾದರೆ ಆ ಗುಂಪಿನಲ್ಲಿ ಹಂಫ್ರೀಸ್ ಒಳಗಿದ್ದನಾ, ಹೊರಗಿದ್ದನಾ? ನನ್ನನ್ನು ಕೇಳಿದರೆ ಎರಡೂ ಹೌದು. ಅದಕ್ಕೇ ಅವನನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಲು ಆಗುವುದಿಲ್ಲ.

ಇದಕ್ಕೂ ಹಿಂದೆ ರೇಡಿಯೋದಲ್ಲಿ ಇನ್ನೊಂದು ಕತೆ ಇದೆ, ನನಗೆ ತುಂಬಾ ಇಷ್ಟವಾದದ್ದು. 1965ರಿಂದ 68ರವರೆಗೆ ಬಿಬಿಸಿ ರೇಡಿಯೋದಲ್ಲಿ 'ರೌಂಡ್ ದಿ ಹಾರ್ನ್' ಬರುತ್ತಿತ್ತು. ಅದರಲ್ಲಿ ಜೂಲಿಯನ್ ಮತ್ತು ಸ್ಯಾಂಡಿ ಅಂತ ಇಬ್ಬರು, ಹ್ಯೂ ಪ್ಯಾಡಿಕ್ ಮತ್ತು ಕೆನೆತ್ ವಿಲಿಯಮ್ಸ್ ಮಾಡುತ್ತಿದ್ದ ಪಾತ್ರಗಳು. ಅವರು ಮಾತಾಡುತ್ತಿದ್ದದ್ದು ಪೊಲಾರಿ. ಪೊಲೀಸರ ಕಿವಿಗೆ ಬೀಳದ ಹಾಗೆ ಗೇ ಗಂಡಸರು ತಮ್ಮತಮ್ಮಲ್ಲೇ ಆಡುತ್ತಿದ್ದ ಗುಟ್ಟಿನ ಭಾಷೆ. 'ಬೋನಾ' ಅಂದರೆ ಚೆನ್ನಾಗಿದೆ, 'ವಾಡಾ' ಅಂದರೆ ನೋಡು. ಇಂಗ್ಲಿಷಿನ 'ಫೇಸ್' (face) ಅನ್ನುವುದರ ಅಕ್ಷರಗಳನ್ನು ತಿರುಗಿಸಿ ಓದಿ ಕತ್ತರಿಸಿದರೆ 'ಈಕ್', ಅಂದರೆ ಮುಖ. ಭಾನುವಾರ ಮಧ್ಯಾಹ್ನ, ಮನೆಮಂದಿಯೆಲ್ಲ ಊಟಕ್ಕೆ ಕೂತಾಗ ಇದು ರೇಡಿಯೋದಲ್ಲಿ ಬರುತ್ತಿತ್ತು! ಒಂದು ಸಲ ಇವರಿಬ್ಬರೂ ವಕೀಲರಾಗಿ ಬಂದು, ನಮ್ಮದು ಕ್ರಿಮಿನಲ್ ಪ್ರ್ಯಾಕ್ಟೀಸು, ಹೆಚ್ಚಿನ ಹೊತ್ತು ಅದಕ್ಕೇ ಹೋಗುತ್ತದೆ ಅನ್ನುತ್ತಾರೆ. ಗಂಡಸು ಗಂಡಸನ್ನು ಕೂಡುವುದೇ ಅಪರಾಧ ಅಂತ ಕಾನೂನು ಹೇಳುತ್ತಿದ್ದ ಕಾಲ. 1967ರಲ್ಲಿ ಇಂಗ್ಲೆಂಡ್, ವೇಲ್ಸ್‌ನಲ್ಲಿ ಕಾನೂನು ಸಡಿಲವಾಯಿತು, ಅದೂ 21 ತುಂಬಿದವರಿಗೆ, ನಾಲ್ಕು ಗೋಡೆಯೊಳಗೆ ಮಾತ್ರ.

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಪಾಲ್ ಬೇಕರ್ ಈ ಪೊಲಾರಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಗುಟ್ಟಿನ ಭಾಷೆ ಮನೆಮನೆಗೆ ಗೊತ್ತಾದ ಮೇಲೆ ಅದರಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ? ಕಾನೂನು ಬದಲಾಯಿತು, 70ರ ದಶಕದ ಹೋರಾಟಗಾರರಿಗೆ ಪೊಲಾರಿ ಬೇಡವಾಯಿತು, ಭಾಷೆ ಕರಗಿಹೋಯಿತು. ಅದನ್ನು ಆಡಿದವರನ್ನು ಕೇಳಿ, ಬರೆದಿಟ್ಟುಕೊಳ್ಳುವ ಒಬ್ಬರು ಇಲ್ಲದಿದ್ದರೆ?

ಹೀಗೆ ಕಳೆದುಹೋಗುವುದು ಭಾಷೆ ಮಾತ್ರ ಅಲ್ಲ. ಆ ಕಾಲದಲ್ಲಿ ಬಿಬಿಸಿ ಹಳೇ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ಹಂಫ್ರೀಸ್‌ನ ಆ ಮೊದಲ ಕಂತಿನ ಕಲರ್ ಟೇಪೂ ಅಳಿಸಿಹೋಯಿತು. ಉಳಿದದ್ದು ಒಂದು ಕಪ್ಪುಬಿಳುಪು ಪ್ರತಿ. ಅದರಲ್ಲಿ ಅಡಗಿದ್ದ ಬಣ್ಣದ ಗುರುತುಗಳನ್ನು 2009ರಲ್ಲಿ ಹುಡುಕಿ ತೆಗೆದು, ಮತ್ತೆ ಕಲರ್ ಮಾಡಿದರು.

ಇನ್ನೊಂದು ವಿಷಯ. 1979ರಿಂದ 81ರವರೆಗೆ ಐಟಿವಿಯಲ್ಲಿ 'ಅಗನಿ' ಅಂತ ಒಂದು ಕಾಮಿಡಿ ಬಂತು. ಪತ್ರಿಕೆಯಲ್ಲಿ ಓದುಗರ ಕಷ್ಟಕ್ಕೆ ಉತ್ತರ ಬರೆಯುವ ಹೆಂಗಸಿನ ಕತೆ. ಅವಳ ಪಕ್ಕದ ಮನೆಯಲ್ಲಿ ಒಂದು ಗೇ ಜೋಡಿ. ವೈಯಾರ ಇಲ್ಲ, ರಾಗ ಇಲ್ಲ, ನಮ್ಮ ನಿಮ್ಮ ಹಾಗೆ ಇರುವ ಇಬ್ಬರು. ಹೋರಾಟಗಾರರು ಕೇಳಿದ್ದು ಇದನ್ನೇ ಅಲ್ವಾ? ಆದರೂ ಇವತ್ತಿಗೂ ಹೆಚ್ಚು ಜನರ ಬಾಯಲ್ಲಿ ಇರುವುದು "ಐಯಾಮ್ ಫ್ರೀ"ನೇ. ಇದು ಯಾಕೆ ಹೀಗೆ ಅನ್ನುವುದು ನನ್ನನ್ನು ಬಿಡದೆ ಕಾಡುವ ಪ್ರಶ್ನೆ.

ನಮಗೇನು ಇದರಿಂದ ಅನ್ನಬೇಡಿ. ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೇ ಸೆಕ್ಷನ್ ಪ್ರಕಾರ, ಇಬ್ಬರೂ ಒಪ್ಪಿದ ಸಲಿಂಗ ಸಂಬಂಧವೂ ನಮ್ಮಲ್ಲಿ 2018ರವರೆಗೆ ಅಪರಾಧವಾಗಿತ್ತು. ಅವರು ತಮ್ಮ ಮನೆಯ ಕಾನೂನನ್ನು ಸಡಿಲಿಸಿ 51 ವರ್ಷ ಆದಮೇಲೆ ನಮ್ಮ ಸರದಿ ಬಂತು.

ಜಾನ್ ಇನ್‌ಮ್ಯಾನ್ ತೀರಿಕೊಂಡದ್ದು 2007ರಲ್ಲಿ. ಅದಕ್ಕೂ ಮುಂಚೆ, 2005ರ ಡಿಸೆಂಬರ್‌ನಲ್ಲಿ, ಸಲಿಂಗಿ ಜೋಡಿಗಳಿಗೆ ಮದುವೆಯಂಥದ್ದೇ ಮಾನ್ಯತೆ ಕೊಡುವ ಸಿವಿಲ್ ಪಾರ್ಟ್‌ನರ್‌ಶಿಪ್ ಕಾನೂನು ಜಾರಿಗೆ ಬಂದ ತಿಂಗಳಲ್ಲೇ, ಅವರು ತಮ್ಮ ಸಂಗಾತಿಯ ಜೊತೆ ನೋಂದಣಿ ಮಾಡಿಸಿಕೊಂಡರು. ಆಗ ಅವರಿಬ್ಬರೂ ಜೊತೆಯಾಗಿ 33 ವರ್ಷ ಆಗಿತ್ತು. ಅಂದರೆ ಅಂಗಡಿಯಲ್ಲಿ ಹಂಫ್ರೀಸ್ ಏನನ್ನೂ ಬಾಯಿಬಿಟ್ಟು ಹೇಳದೆ ಟೇಪು ಹಿಡಿದು ಓಡಾಡುತ್ತಿದ್ದ ಅಷ್ಟೂ ವರ್ಷ, ಶೂಟಿಂಗ್ ಮುಗಿಸಿ ಮನೆಗೆ ಹೋದರೆ ಅಲ್ಲಿ ಅವರ ಸಂಗಾತಿ ಇದ್ದರು.