ಅಂಟು ಹಚ್ಚುವ ಮೊದಲು ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಮಾನದ ಮಾದರಿ ಕೂಡಿಸುವ ಹವ್ಯಾಸದ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದಾರೆ. ಕರೆದವರಿಗೆ ಧನ್ಯವಾದ. ಮೊದಲೇ ಹೇಳಿಬಿಡುತ್ತೇನೆ, ಇದು ಹಾರಿಸುವ ಮಾದರಿಗಳ ವಿಷಯ ಅಲ್ಲ. ರಿಮೋಟ್ ಹಿಡಿದು ಮೈದಾನದಲ್ಲಿ ಹಾರಿಸುತ್ತಾರಲ್ಲ, ಅದು ಬೇರೆ ವಿದ್ಯೆ. ನಮ್ಮದು ಮೇಜಿನ ಮೇಲೆ ನಡೆಯುವ ಕೆಲಸ. ಒಂದು ಡಬ್ಬಿಯಲ್ಲಿ ಪ್ಲಾಸ್ಟಿಕ್ ಭಾಗಗಳು ಬರುತ್ತವೆ. ಅದನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ಕಪಾಟಿನಲ್ಲಿ ಇಡುತ್ತೇವೆ. ಅಷ್ಟೇ. ಆದರೆ ಆ ಅಷ್ಟರಲ್ಲಿ ಒಂದು ಪ್ರಪಂಚವೇ ಇದೆ.

ಈ ಹವ್ಯಾಸ ಶುರು ಮಾಡಬೇಕು ಅನ್ನುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಯಾವ ಏರ್‌ಬ್ರಷ್, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ, ತಗೊಳ್ಳಲಿ? ಯಾವ ಕಂಪನಿಯ ಕಿಟ್ ಒಳ್ಳೆಯದು, ಟಮಿಯಾನಾ, ಏರ್‌ಫಿಕ್ಸಾ? ಯಾವ ಬಣ್ಣ? ಸ್ವಾಮಿ, ಸ್ವಲ್ಪ ತಾಳಿ. ನಿಮಗೆ ಮೊದಲು ಬೇಕಾದದ್ದು ನಿಮ್ಮ ಹತ್ತಿರ ಆಗಲೇ ಇದೆ. ಕಣ್ಣು. ಯಾವ ವಿಮಾನವನ್ನು ಕೂಡಿಸುತ್ತೀರೋ ಅದನ್ನು ಮೊದಲು ನೋಡಿ. ಚೆನ್ನಾಗಿ ನೋಡಿ. ಆಮೇಲೆ ಅಂಟಿನ ಬಾಟಲಿಯ ಮುಚ್ಚಳ ತೆಗೆಯಿರಿ. ಇವತ್ತು ನಾನು ಬೇರೇನು ಹೇಳಿದರೂ ಕೊನೆಗೆ ಇಲ್ಲಿಗೇ ಬರುತ್ತೇನೆ.

ಅಳತೆಯ ವಿಷಯ ಬೇಗ ಮುಗಿಸೋಣ. ಕಿಟ್ ಡಬ್ಬಿಯ ಮೇಲೆ ಒಂದು ಬಾರ್ ಎಪ್ಪತ್ತೆರಡು ಎಂದು ಬರೆದಿರುತ್ತದೆ. ಅಂದರೆ ನಿಜವಾದ ವಿಮಾನದ 72ನೇ ಒಂದು ಭಾಗ. ಆರು ಅಡಿಗೆ 72 ಇಂಚು, ಅಲ್ವಾ? ಹಾಗಾಗಿ ಈ ಅಳತೆಯಲ್ಲಿ ಆರಡಿ ಎತ್ತರದ ಮನುಷ್ಯ ಸರಿಯಾಗಿ ಒಂದು ಇಂಚು ಇರುತ್ತಾನೆ. ನಮ್ಮ ವಾಯುಪಡೆಯಲ್ಲಿದ್ದ ಮಿಗ್-21ರ ರೆಕ್ಕೆ ತುದಿಯಿಂದ ತುದಿಗೆ 7.15 ಮೀಟರ್. 72ರಿಂದ ಭಾಗಿಸಿದರೆ ಹತ್ತಿರ ಹತ್ತಿರ 10 ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ. ಇನ್ನೊಂದು ಅಳತೆ ಒಂದು ಬಾರ್ ನಲವತ್ತೆಂಟು. ಅದು ಸ್ವಲ್ಪ ದೊಡ್ಡದು, ಒಳಗಿನ ಕೆಲಸ ಜಾಸ್ತಿ, ಖರ್ಚೂ ಜಾಸ್ತಿ. ಮೊದಲ ಸಲ 72ರಲ್ಲೇ ಶುರು ಮಾಡಿ. ಒಂದೇ ಎಂಜಿನ್, ಒಂದೇ ಜೊತೆ ರೆಕ್ಕೆ ಇರುವ ವಿಮಾನ ಆರಿಸಿಕೊಳ್ಳಿ. ಟೈಗರ್ ಮಾತ್ ಅನ್ನುವ ಹಳೆಯ ತರಬೇತಿ ವಿಮಾನ ಚೆಂದ, ಒಪ್ಪುತ್ತೇನೆ. ಆದರೆ ಎರಡು ಜೊತೆ ರೆಕ್ಕೆ, ಮಧ್ಯೆ ಕಂಬಗಳು, ತಂತಿಗಳು. ಮೊದಲ ಮಾದರಿಗೆ ಅದು ಬೇಡವೇ ಬೇಡ.

ಇದೆಲ್ಲ ಮಕ್ಕಳಾಟ ಅನ್ನುವವರು ಇದ್ದಾರೆ. ಅವರಿಗೆ ಎರಡು ಸಂಗತಿ ಹೇಳುತ್ತೇನೆ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಅಮೆರಿಕದ ನೌಕಾಪಡೆ ಅಲ್ಲಿನ ಶಾಲೆಗಳ ಹುಡುಗರಿಂದ ಮರದ ವಿಮಾನ ಮಾದರಿಗಳನ್ನು ಮಾಡಿಸಿತು. ಅಳತೆ ಇದೇ, ಒಂದು ಬಾರ್ ಎಪ್ಪತ್ತೆರಡು. ಎಲ್ಲಕ್ಕೂ ಕಪ್ಪು ಬಣ್ಣ. ಯಾಕೆ? ದೂರದ ಆಕಾಶದಲ್ಲಿ ವಿಮಾನದ ಬಣ್ಣ ಕಾಣುವುದಿಲ್ಲ, ಆಕಾರ ಮಾತ್ರ ಕಾಣುತ್ತದೆ. ಆ ಆಕಾರ ನೋಡಿಯೇ ಇದು ನಮ್ಮದೋ ಶತ್ರುವಿನದೋ ಅಂತ ಸೈನಿಕರು ಗುರುತು ಹಿಡಿಯಬೇಕಿತ್ತು. ನೋಡುವುದನ್ನು ಕಲಿಸುವುದಕ್ಕೇ ಆ ಮಾದರಿಗಳು ಹುಟ್ಟಿದವು.

ಇನ್ನೊಂದು ನಮ್ಮ ಬೆಂಗಳೂರಿನದು. ಎಚ್ಎಎಲ್‌ನಲ್ಲಿ ಮರುತ್ ಯುದ್ಧವಿಮಾನವನ್ನು ರೂಪಿಸಿದವರು ಜರ್ಮನಿಯ ಕುರ್ಟ್ ಟ್ಯಾಂಕ್ ಮತ್ತು ನಮ್ಮ ಎಂಜಿನಿಯರುಗಳು. ಜೆಟ್ ಎಂಜಿನ್ ಹಾಕಿದ ಮರುತ್ ಮೊದಲ ಸಲ ಹಾರಿದ್ದು 1961ರ ಜೂನ್ 17ರಂದು, ಸುರಂಜನ್ ದಾಸ್ ಅವರ ಕೈಯಲ್ಲಿ. ಆದರೆ ಅದಕ್ಕೂ ಮೊದಲು, 1959ರಲ್ಲಿ, ಮರುತ್‌ನದೇ ಆಕಾರದ, ಅಷ್ಟೇ ದೊಡ್ಡದಾದ ಮರದ ಗ್ಲೈಡರ್ ಒಂದನ್ನು ಮಾಡಿ, ಇನ್ನೊಂದು ವಿಮಾನಕ್ಕೆ ಕಟ್ಟಿ ಎಳೆಸಿ ಹಾರಿಸಿದ್ದರು. ಎಂಜಿನ್ ಇಲ್ಲದ ಮರದ ಮಾದರಿ! ಗಾಳಿಯಲ್ಲಿ ಈ ಆಕಾರ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುವುದಕ್ಕೆ. ಅಷ್ಟು ದೊಡ್ಡವರೇ ಮೊದಲು ಮಾದರಿ ಮಾಡಿ ನೋಡಿದ್ದಾರೆ. ಇನ್ನು ಯಾರೂ ನನ್ನ ಮುಂದೆ ಮಕ್ಕಳಾಟ ಅನ್ನಬೇಡಿ.

ಸರಿ, ನೋಡುವುದು ಅಂದರೆ ಏನನ್ನು ನೋಡುವುದು? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳಲೇಬೇಕು.

ಭಾನುವಾರಗಳಂದು ನಮ್ಮ ಮನೆಯಲ್ಲಿ ಕೆಲವರು ಸೇರುತ್ತೇವೆ. ಕಾಲೇಜು ಹುಡುಗರು, ನಿವೃತ್ತರು, ಯಾರು ಬೇಕಾದರೂ ಬರಬಹುದು. ಅದರಲ್ಲಿ ಒಬ್ಬ ಹುಡುಗಿ, ಕೈಯಲ್ಲಿ ಒಳ್ಳೆಯ ಹಿಡಿತ ಇರುವವಳು, ಒಂದು ಸಲ ತಾನು ಮುಗಿಸಿದ ಮಿಗ್-21 ತಂದಳು. ಕೀಲುಗಳು ಒಂದೂ ಕಾಣುವ ಹಾಗಿರಲಿಲ್ಲ. ಬಣ್ಣ ತೆಳ್ಳಗೆ, ಸಮನಾಗಿ ಕೂತಿತ್ತು. ಪೈಲಟ್ ಕೂರುವ ಜಾಗದ ಒಳಗೆ ಆ ರಷ್ಯದ ನೀಲಿ-ಹಸಿರು ಬಣ್ಣ ಕೂಡ ಸರಿಯಾಗಿತ್ತು. ಹಳೆಯ ವಿಮಾನದ ಹಾಗೆ ಕಾಣಲಿ ಅಂತ ಸ್ಪಂಜಿನ ಚೂರಿನಿಂದ ಬೆಳ್ಳಿ ಬಣ್ಣ ಒತ್ತಿ, ಕಾಕ್‌ಪಿಟ್ಟಿನ ಎರಡೂ ಪಕ್ಕ ಬಣ್ಣ ಕಿತ್ತುಹೋದ ಹಾಗೆ ಮಾಡಿದ್ದಳು. ನಾವೆಲ್ಲ ಭೇಷ್ ಅಂದೆವು.

ಆವತ್ತು ಜಾಲಹಳ್ಳಿ ಕಡೆಯ ಹಿರಿಯರೊಬ್ಬರು ಬಂದಿದ್ದರು. ವಾಯುಪಡೆಯಲ್ಲಿ ನೆಲದ ಮೇಲಿನ ಕೆಲಸ ಮಾಡಿ ನಿವೃತ್ತರಾದವರು. ವಿಮಾನ ಹಾರಿಸಿದವರಲ್ಲ, ಅದನ್ನು ಹಾರುವುದಕ್ಕೆ ಸಿದ್ಧ ಮಾಡುತ್ತಿದ್ದವರು. ಅವರು ಮಾದರಿಯನ್ನು ಕೈಗೆ ತೆಗೆದುಕೊಂಡು ಮೊದಲು ಮಾಡಿದ ಕೆಲಸ ಏನು ಗೊತ್ತಾ? ತಲೆಕೆಳಗು ಮಾಡಿದರು. ಕನ್ನಡಕ ಹಣೆಗೇರಿಸಿ, ಹೊಟ್ಟೆಯನ್ನು ಕಣ್ಣ ಹತ್ತಿರ ತಂದು ನೋಡಿದರು. "ಎಲ್ರೂ ಮೇಲಿಂದ ನೋಡ್ತಾರಮ್ಮಾ. ನಾವು ಹೊಟ್ಟೆ ಕೆಳಗೇ ಇದ್ದೋರು" ಅಂದರು.

ಆಮೇಲೆ ನೆಟ್ಟಗೆ ಹಿಡಿದು, ಕಾಕ್‌ಪಿಟ್ಟಿನ ಬಲಗಡೆಯ ಆ ಬೆಳ್ಳಿ ಕಲೆಗಳ ಮೇಲೆ ಬೆರಳಿಟ್ಟು ಕೇಳಿದರು. "ಇಲ್ಲಿ ಯಾಕಮ್ಮಾ ಬಣ್ಣ ಹೋಗಿದೆ?"

"ಪೈಲಟ್ ಹತ್ತಿ ಇಳಿದು ಸವೆದಿರತ್ತಲ್ವಾ ಅಂಕಲ್."

"ಈ ಕಡೆಯಿಂದ ಯಾರು ಹತ್ತುತ್ತಾರೆ?"

ಹುಡುಗಿ ಸುಮ್ಮನಾದಳು. ಅವರೇ ಹೇಳಿದರು. ಈ ಮಿಗ್‌ನ ಮೇಲಿನ ಗಾಜಿನ ಮುಚ್ಚಳ ಬಲಗಡೆಗೆ ತೆರೆದುಕೊಳ್ಳುತ್ತದೆ. ಬಲಗಡೆ ಅದೇ ಅಡ್ಡ ಇರುತ್ತದೆ. ಏಣಿ ಇಡುವುದು ಎಡಗಡೆ. ಪೈಲಟ್ ಹತ್ತುವುದು ಎಡಗಡೆ. ಅವನಿಗೆ ಬೆಲ್ಟ್ ಕಟ್ಟಲು ಏಣಿ ಹತ್ತಿ ಬಗ್ಗುವ ನಮ್ಮಂಥವರ ಮೊಣಕೈ, ಬೂಟು, ಏಣಿಯ ಕೊಕ್ಕೆ, ಎಲ್ಲ ತಾಗುವುದು ಎಡಗಡೆ. ಹಾಗಾಗಿ ಸವೆಯುವುದೂ ಎಡಗಡೆ.

ಇಷ್ಟಕ್ಕೇ ಬಿಡಲಿಲ್ಲ. ಮತ್ತೆ ಹೊಟ್ಟೆ ತೋರಿಸಿದರು. ಅವಳು ಅಲ್ಲಿ ಎಣ್ಣೆ ಕಲೆಗಳನ್ನು ಅಲ್ಲಲ್ಲಿ ಚುಕ್ಕಿಯ ಹಾಗೆ ಇಟ್ಟಿದ್ದಳು. "ನೆಲದ ಮೇಲೆ ನಿಂತಾಗ ಎಣ್ಣೆ ತೊಟ್ಟಿಕ್ಕುತ್ತೆ, ಸರಿ. ಆದ್ರೆ ಹಾರೋವಾಗ ಗಾಳಿ ಅದನ್ನ ಬಾಲದ ಕಡೆಗೆ ಎಳ್ಕೊಂಡು ಹೋಗುತ್ತೆ. ಹೊಟ್ಟೆ ಮೇಲಿನ ಕಲೆ ಯಾವಾಗ್ಲೂ ಮುಂದಿಂದ ಹಿಂದಕ್ಕೆ ಉದ್ದಕ್ಕೆ ಇರ್ಬೇಕು" ಅಂದರು. ಆಮೇಲೆ ಕೇಳಿದರು, ದಿನಾ ತೆಗೆದು ಹಾಕುವ ಮುಚ್ಚಳಗಳು ಯಾವುವು, ವರ್ಷಕ್ಕೊಮ್ಮೆ ತೆಗೆಯುವವು ಯಾವುವು? ದಿನಾ ತೆಗೆಯುವುದರ ಸ್ಕ್ರೂ ಸುತ್ತ ಬಣ್ಣ ಹೋಗಿರುತ್ತದೆ, ಕೈಯ ಜಿಡ್ಡು ಇರುತ್ತದೆ. ಉಳಿದದ್ದು ಸ್ವಚ್ಛವಾಗಿಯೇ ಇರುತ್ತದೆ.

ನನಗೆ ಆವತ್ತು ಆದ ಖುಷಿ ಅಷ್ಟಿಷ್ಟಲ್ಲ. ನಾನು ವರ್ಷಗಟ್ಟಲೆ ಹೇಳುತ್ತಾ ಬಂದದ್ದನ್ನು ಅವರು ಒಂದೇ ಪ್ರಶ್ನೆಯಲ್ಲಿ ತೋರಿಸಿಬಿಟ್ಟರು. ಪ್ರತಿ ಗೀರಿಗೂ ಒಂದು ಕಾರಣ ಇದೆ. ಪ್ರತಿ ಕಲೆಯ ಹಿಂದೆ ಒಬ್ಬ ಮನುಷ್ಯನ ಕೈಯೋ ಕಾಲೋ ಇದೆ. ಕಾರಣ ಗೊತ್ತಿಲ್ಲದಿದ್ದರೆ ಆ ಕಲೆ ಹಾಕಬೇಡಿ.

ಮುಂದಿನ ವಾರ ಎಲ್ಲರೂ ಹಳೇ ವಿಮಾನ ನಿಲ್ದಾಣದ ರಸ್ತೆಯ ಎಚ್ಎಎಲ್ ಸಂಗ್ರಹಾಲಯಕ್ಕೆ ಹೋದೆವು. ಬೆಂಗಳೂರಿನವರು ಅದನ್ನು ನೋಡದೆ ಇದ್ದರೆ ದಯವಿಟ್ಟು ಹೋಗಿ. ಆ ಹುಡುಗಿ ವಿಮಾನಗಳ ಪಕ್ಕ ಮಂಡಿಯೂರಿ ಕೂತು, ಚಕ್ರ ಒಳಗೆ ಮಡಚಿಕೊಳ್ಳುವ ಗೂಡುಗಳ ಫೋಟೊ ತೆಗೆದದ್ದೇ ತೆಗೆದದ್ದು. ಕೊಳವೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ, ಬಾಗಿಲುಗಳು ಎಷ್ಟು ತೆಳ್ಳಗಿವೆ, ಟೈರು ನೆಲಕ್ಕೆ ತಾಗುವಲ್ಲಿ ಎಷ್ಟು ಚಪ್ಪಟೆಯಾಗಿದೆ, ಎಲ್ಲ. ಒಂದು ಮಾತು ಮಾತ್ರ ನೆನಪಿಡಿ. ಸಂಗ್ರಹಾಲಯದಲ್ಲಿ ನಿಲ್ಲಿಸಿದ ವಿಮಾನಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಅಲ್ಲಿ ಆಕಾರ ನೋಡಿ, ಬಣ್ಣ ನೋಡಬೇಡಿ. ಬಣ್ಣಕ್ಕೆ ಆ ವಿಮಾನ ಸೇವೆಯಲ್ಲಿದ್ದ ಕಾಲದ ಫೋಟೊಗಳೇ ಆಧಾರ.

ವಿದೇಶಿ ವಿಮಾನ ಮಾಡುವವರಿಗೂ ಇದೇ ಮಾತು. ಅಮೆರಿಕದ ಮಸ್ಟಾಂಗ್ ವಿಮಾನವನ್ನು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ಹೈಡ್ರಾಲಿಕ್ ಒತ್ತಡ, ಅಂದರೆ ಕೊಳವೆಗಳೊಳಗಿನ ಎಣ್ಣೆಯ ಒತ್ತಡ, ನಿಧಾನವಾಗಿ ಇಳಿಯುತ್ತದೆ. ಆಗ ಚಕ್ರದ ಒಳಬಾಗಿಲುಗಳು ತಾವಾಗಿಯೇ ಜೋತುಬೀಳುತ್ತವೆ. ಹಳೆಯ ಫೋಟೊ ನೋಡಿದವನಿಗೆ ಇದು ಗೊತ್ತು. ಡಬ್ಬಿಯ ಚಿತ್ರ ಮಾತ್ರ ನೋಡಿದವನಿಗೆ ಗೊತ್ತಿಲ್ಲ.

ಮಾತು ಉದ್ದವಾಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕಿಟ್ಟಿನ ಭಾಗಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ, ಅವನ್ನು ಕೈಯಲ್ಲಿ ತಿರುಚಿ ಮುರಿಯಬೇಡಿ. ಭಾಗಕ್ಕಿಂತ ಸ್ವಲ್ಪ ದೂರದಲ್ಲೇ ಕಟರ್‌ನಿಂದ ಕತ್ತರಿಸಿ, ಉಳಿದ ಚೂರನ್ನು ಬ್ಲೇಡಿನಿಂದ ತೆಗೆಯಿರಿ. ಚಿಕ್ಕ ಮಕ್ಕಳಿದ್ದರೆ ಬ್ಲೇಡಿನ ಕೆಲಸ ದೊಡ್ಡವರು ಮಾಡಿ. ಉಜ್ಜುವುದಕ್ಕೆ ಪೇಂಟ್ ಅಂಗಡಿಯಲ್ಲಿ ವಾಟರ್ ಪೇಪರ್ ಅಂತ ಕೇಳಿ. 400, 800, 1200 ನಂಬರಿನವು ಸಾಕು. ನೀರು ಹಚ್ಚಿಯೇ ಉಜ್ಜಿ. ಪ್ಲಾಸ್ಟಿಕ್ ಮಾದರಿಯ ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ, ಹಾಗಾಗಿ ಜಾಸ್ತಿ ಹಚ್ಚಿದರೆ ಮಾದರಿಯೇ ಕರಗುತ್ತದೆ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಮಿಗ್, ನ್ಯಾಟ್, ಮರುತ್, ಇವಕ್ಕೆಲ್ಲ ಮುಂದೆ ಒಂದು ಚಕ್ರ, ಹಿಂದೆ ಎರಡು. ಮೂತಿಯೊಳಗೆ ಭಾರ ಇಡದೆ ಅಂಟಿಸಿದರೆ ವಿಮಾನ ಬಾಲದ ಮೇಲೆ ಕೂರುತ್ತದೆ. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡು ಹಾಕಿ, ಆಮೇಲೆ ಮೈ ಮುಚ್ಚಿ.

ಒಳಗಿನ ಕೊಳವೆಗಳಿಗೆ ದುಡ್ಡು ಕೊಟ್ಟು ಏನೂ ತರಬೇಕಿಲ್ಲ. ಕೆಟ್ಟುಹೋದ ಚಾರ್ಜರ್ ವೈರು ಸುಲಿದರೆ ಕೂದಲೆಳೆಯ ತಾಮ್ರದ ತಂತಿ ಸಿಗುತ್ತದೆ. ಆಂಟೆನಾ ಬೇಕೆ? ಕಿಟ್ಟಿನ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಯ ಮೇಲೆ ದೂರದಲ್ಲಿ ಹಿಡಿದು, ಮೆತ್ತಗಾದಾಗ ಬೆಂಕಿಯಿಂದ ಆಚೆ ತಂದು ಎರಡೂ ಕಡೆ ಎಳೆಯಿರಿ. ದಾರದಷ್ಟು ಸಣ್ಣ ಎಳೆ ಬರುತ್ತದೆ.

ಇನ್ನು ರೆಕ್ಕೆಯ ಮೇಲಿನ ಗೆರೆಗಳು. ಲೋಹದ ತಗಡುಗಳು ಕೂಡುವ ಜಾಗ ಅವು. ಇವನ್ನು ಕಪ್ಪಗೆ, ದಪ್ಪಗೆ ತುಂಬುವ ಚಟ ತುಂಬಾ ಜನಕ್ಕೆ ಇದೆ. ಲೆಕ್ಕ ಹಾಕಿ ನೋಡಿ. 72ರ ಮಾದರಿಯ ಮೇಲೆ ಗೆರೆ ಕಾಲು ಮಿಲಿಮೀಟರ್ ಅಗಲ ಇದ್ದರೆ, ನಿಜವಾದ ವಿಮಾನದಲ್ಲಿ ಅದು 18 ಮಿಲಿಮೀಟರ್. ಅಂದರೆ ಬೆರಳು ತೂರುವಷ್ಟು ಸಂದು! ಅಂಥ ವಿಮಾನವನ್ನು ಯಾರು ಹಾರಿಸುತ್ತಾರೆ? ಬೆಳ್ಳಿ ಕಲೆಯೂ ಹಾಗೇ. ಒಂದು ಮಿಲಿಮೀಟರ್ ಕಲೆ ಅಂದರೆ ನಿಜದಲ್ಲಿ ಏಳು ಸೆಂಟಿಮೀಟರ್ ಬಣ್ಣ ಎದ್ದುಹೋಗಿದೆ ಅಂತ. ಕಡಿಮೆ ಮಾಡಿ. ಇನ್ನೂ ಕಡಿಮೆ ಮಾಡಿ. ಫೋಟೊ ನೋಡಿ ಮಾಡಿ.

ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಮಾಡಿಕೊಂಡು, ಒಂದು ಪದರ ಒಣಗಿದ ಮೇಲೆ ಇನ್ನೊಂದು ಹಚ್ಚಿ. ಮೊದಮೊದಲು ಒಳ್ಳೆಯ ಬ್ರಷ್ ಸಾಕು, ಏರ್‌ಬ್ರಷ್ ಆಮೇಲೆ ತಗೊಳ್ಳಿ. ಕರಾವಳಿಯ, ಮಲೆನಾಡಿನ ಕೇಳುಗರು ಮಳೆ ಜೋರಾಗಿರುವ ದಿನ ಸ್ಪ್ರೇ ಮಾಡಬೇಡಿ. ಗಾಳಿಯ ತೇವಕ್ಕೆ ಬಣ್ಣ ಮಂಜುಗಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಬಿಸಿಲು ಬರುವವರೆಗೆ ಕಾಯಿರಿ. ಕಾಯುವ ದಿನ ಏನು ಮಾಡುವುದು ಅಂದರೆ, ಗೊತ್ತಲ್ಲ, ಫೋಟೊ ನೋಡುವುದು.

ಗಾಜಿನ ಆಚೆಯಿಂದ ಸಮಯ ಆಯಿತು ಅಂತ ಕೈ ಮಾಡುತ್ತಿದ್ದಾರೆ. ಡೆಕಾಲ್ ಬಗ್ಗೆ ಒಂದೇ ಮಾತು. ಗುರುತಿನ ಚಿತ್ರಗಳನ್ನು ಅಂಟಿಸುವ ಮೊದಲು ಮಾದರಿಗೆ ಹೊಳಪಿನ ವಾರ್ನಿಷ್ ಹಚ್ಚಿ ಒಣಗಿಸಿ. ಒರಟು ಮೈ ಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನೆನೆಸಿ, ಕಾಗದದಿಂದ ಜಾರಿಸಿ ಕೂರಿಸಿ, ಬಟ್ಟೆಯಿಂದ ಮೆಲ್ಲಗೆ ಒತ್ತಿ. ನಮ್ಮ ವಾಯುಪಡೆಯ ವೃತ್ತದಲ್ಲಿ ಹೊರಗೆ ಕೇಸರಿ, ಮಧ್ಯೆ ಬಿಳಿ, ಒಳಗೆ ಹಸಿರು. ಅದನ್ನೂ ಅಂಟಿಸುವ ಮೊದಲು ಒಮ್ಮೆ ನೋಡಿಕೊಳ್ಳಿ.

ನಮಸ್ಕಾರ.